ನ ಬಿಟ್ಟುಹೋಗಿದೆ

ಜಿಲ್ಲಾ ಕಚೇರಿಯಿಂದ ಬಂದ ಆರ್ಡರು.
ಮೂರು ಸಾವಿರ ಪೋಸ್ಟರು, ನೀಲಿ ಮಸಿ,
ಸೋಮವಾರ ಮುಂಜಾನಿ ಹತ್ತಕ್ಕ ಬೇಕು.
ಕರಡು ನನ್ನ ಮೇಜಿಗೆ ಬಿದ್ದಾಗ
ಗದಗ ಸ್ಟೇಶನ್ ಕಡೆ ಸಂಜಿ ಗಾಡಿ ಕೂಗತಿತ್ತು.

ಹನ್ನೆರಡು ವರ್ಷ ಆತು ಈ ಪ್ರೆಸ್ಸಿನಾಗ ನಾನು
ಮಂದಿ ಬರದ ತಪ್ಪು ಹುಡುಕಾಕ ಹತ್ತಿ.
ಲಗ್ನಪತ್ರಿಕಿ, ಬೀಜದ ಅಂಗಡಿ ಬಿಲ್ಲು, ಶಾಲಿ ಗೈಡು.
ವರನ ಮುತ್ತಜ್ಜನ ಹೆಸರಿನಾಗ ದೀರ್ಘ ಹಾರಿದರೂ
ಕಣ್ಣಿಗೆ ಚುಚ್ಚತೈತಿ ನನಗ.
ಕೆಂಪು ಪೆನ್ನು ಮದಲನೇ ಸಾಲಿನಾಗ ನಿಂತಬಿಟ್ಟಿತು:

‘ಅಪೇಕ್ಷಿತ ವರ್ತನೆಯೇ ಲೈಂಗಿಕ ಕಿರುಕುಳ.’

ನ ಬಿಟ್ಟುಹೋಗಿದೆ.
ಅನಪೇಕ್ಷಿತ ಅಂತಿರಬೇಕು.
ಒಂದ ಅಕ್ಷರ. ಗುಣಿತ ಇಲ್ಲ, ಒತ್ತಿಲ್ಲ, ಬೋಳು ನ.
ಅದು ಹೋದರ ಬ್ಯಾಡಾದದ್ದೆಲ್ಲಾ ಬೇಕಾದದ್ದು,
ಮೂರು ಸಾವಿರ ಗ್ವಾಡಿ ಮ್ಯಾಲೆ.

ಗುರುತು ಹಾಕಬೇಕಂದೆ. ಬೆನ್ನ ಹಿಂದ
ಕೊಣ್ಣೂರ ಸರ್ ಬಂದು ನಿಂತಿದ್ದರು.
ಕಾಲ ಸಪ್ಪಳಕ್ಕಿಂತ ಮದಲ ಬರತೈತಿ ಅವರ ಜರದಾ ವಾಸನಿ.
ಗದ್ದ ನನ್ನ ಹೆಗಲಿಂದ ನಾಕು ಬಟ್ಟು ದೂರ.
ಮುಟ್ಟಿಲ್ಲ, ಎಂದೂ ಮುಟ್ಟಿಲ್ಲ, ಅದನ್ನ ನಾನ ಹೇಳತೀನಿ.
ಆ ನಾಕು ಬಟ್ಟು ಹನ್ನೆರಡು ವರ್ಷ ಅಳದೀನಿ.
“ಏನ್ ಓದಾಕತ್ತೀರಿ ಮೇಡಂ, ನಮಗೂ ಸ್ವಲ್ಪ ಕಲಿಸ್ರಿ”
ಅಂದು ನಕ್ಕರು. ಕಟಿಂಗ್ ಮಶಿನ್ ಹುಡುಗ ನಕ್ಕ.
ನಾನೂ ನಕ್ಕೆ.

ಆ ನಗಿ ಬಗ್ಗೆ ಕರಡಿನಾಗ ಏನೂ ಇಲ್ಲ.
ಹುಡುಕಿದೆ, ಎರಡು ಸಲ.

ಮುಟ್ಟೋದು ಒಂದನೇದು. ಅದು ಎಲ್ಲಾರಿಗೂ ಗೊತ್ತು,
ಅದಕ್ಕ ನಮ್ಮವ್ವನೂ ಚಪ್ಪಲಿ ತಗೀತಿದ್ದಳು.
ಕಡೀದಕ್ಕ ಬಂದು ಕುಂತೆ:
‘ಮಾತಿನ ಅಥವಾ ಮಾತಿಲ್ಲದ ಬೇರೆ ಯಾವುದೇ’
ಮಾತಿಲ್ಲದ.
ಹದಿನಾಲ್ಕನೇ ಪುಟದ ನೆಪದಾಗ ರಾತ್ರಿ ಹತ್ತೂವರಿಗೆ ಬರೋ ಫೋನು,
ಪುಟ ಮುಗದ ಮ್ಯಾಲೂ ಕೇಳೋ ಉಸುರು.
ಖೈರೂನ ಮೊಬೈಲಿಗೆ ತಪ್ಪಿ ಬಂದ ಚಿತ್ರ,
ಮೂರು ಸಲ ತಪ್ಪಿ.
ಪಗಾರದ ವಿಚಾರ ಹೊರಗ ಮಾತಾಡೂಣು,
ಆ ಲಾಡ್ಜಿನ ಕೆಳಗ ಗಿರಮಿಟ್ಟು ಚಲೋ ಸಿಗತೈತಿ, ಅಂದದ್ದು.
ಗಿರಮಿಟ್ಟು ಯಾವ ಕಲಮಿನಾಗ ಬರತೈತಿ?

ಇಷ್ಟಕ್ಕೆಲ್ಲಾ ನಾವು ‘ಅವರ ಸ್ವಭಾವ’ ಅಂತಿದ್ವಿ.
ಹೊಂದಿಕೊಂಡು ಹೋಗಬೇಕವಾ ಅಂತ ನಾನ ಅಂದೀನಿ,
ದ್ಯಾಮವ್ವನ ಮೊಮ್ಮಗಳಿಗೆ.
ಆಕಿ ಹದಿನೇಳು ದಿನಕ್ಕ ಕೆಲಸ ಬಿಟ್ಟಳು.
ಆ ತಪ್ಪು ಯಾವ ಅಂಚಿನಾಗ ತಿದ್ದಲಿ?

ಅನಪೇಕ್ಷಿತ. ನಮ್ಮನಿ ಮಾತಲ್ಲ ಅದು.
ನಮ್ಮ ಕಡೆ ಕೂಸು ಮಾತು ಕಲತ ವಾರದಾಗ ಒಲ್ಲೆ ಅಂತೈತಿ.
ಹಾಲು ಒಲ್ಲೆ. ಕುಂಚಿಗಿ ಒಲ್ಲೆ. ಮಾಮಾನ ತೊಡಿ ಒಲ್ಲೆ.
ಹಂಗನಬಾರದು ಅಂತ ಒಂದೊಂದ ಬಿಡಿಸತೀವಿ,
ಸಜ್ಜಿ ತೆನಿಯಿಂದ ಕಾಳು ಬಿಡಿಸಿದಂಗ.

ಮರುದಿನ ಬೈಂಡಿಂಗ್ ಖೋಲಿಯಾಗ ಬುತ್ತಿ ಬಿಚ್ಚಿದಾಗ
ಹೇಳಿದೆ, ಹತ್ತು ಮಂದಿ ದುಡಿಯೋ ಜಾಗಾದಾಗ ಸಮಿತಿ ಇರಬೇಕಂತ.
ಹಾಜರಿ ಪುಸ್ತಕದಾಗ ಎಂಟ ಹೆಸರು.
ಖೈರೂ ಪೀಸಿನ ಲೆಕ್ಕದಾಗ ದುಡಿಯೋರನ್ನೂ ಎಣಿಸಿದಳು:
ತಾನು, ದ್ಯಾಮವ್ವ, ಇಬ್ಬರು ಹೊಲಿಯೋರು. ಹನ್ನೆರಡು.
“ನಮ್ಮ ಹುಡುಗಿ ಇದ್ದಿದ್ದರ ಹದಿಮೂರು”
ಅಂದಳು ದ್ಯಾಮವ್ವ. ರೊಟ್ಟಿ ಮುರೀಲಿಲ್ಲ.

ತಿದ್ದಿದ ಪ್ಲೇಟು ಏರೂದಕ್ಕಿಂತ ಮದಲ
ಅವಸರದಾಗ ನಲವತ್ತು ಹಾಳಿ ಛಾಪಾಗಿದ್ದವು, ನ ಇಲ್ಲದ್ದು.
ರದ್ದಿಗೆ ಹಾಕ್ರಿ ಅಂದರು ಸರ್.
ಒಂದು ತಗೊಂಡೆ. ಅ, ಪೇ ನಡುವ ಕೆಂಪು ಬಾಣ ಇಟ್ಟು
ಮ್ಯಾಲೆ ನ ಬರದು, ದೊಡ್ಡದು,
ಅವರ ಕುರ್ಚಿ ಎದುರಿನ ಗ್ವಾಡಿಗೆ ಹಚ್ಚಿದೆ.
ಕೈ ನಡಗಿ ಹಾಳಿ ವಾರಿ ಆತು. ಹಂಗ ಬಿಟ್ಟೆ.

ಸಂಜಿಕ ಬಂದು ಬೆನ್ನ ಹಿಂದ ನಿಂತರು. ನಾಕು ಬಟ್ಟು.
“ಸರ್, ಆಚೆ ನಿಂದರ್ರಿ” ಅಂದೆ.
“ಅಯ್ಯ, ನಾನೇನು ಮಾಡಿದೆ?” ಅಂದರು, ನಕ್ಕರು.
ಕಟಿಂಗ್ ಮಶಿನ್ ಹುಡುಗ
ನಗಬೇಕೋ ಬ್ಯಾಡೋ ಅಂತ ನನ್ನ ಮಾರಿ ನೋಡಿದ.